ಕೊಳದ ದಂಡೆಯ ಬಾವುಟ

"ಲೋ, ಇಲ್ಲಿ ಬಾ. ಇದೇನಿದು?"

ಪೊಲೀಸ್ ಇಲಾಖೆಯಿಂದ ನಾನು ನಿವೃತ್ತಳಾಗುವ ಮೊದಲೇ ನನ್ನ ಮಂಡಿಗಳು ನಿವೃತ್ತಿ ಪಡೆದಿದ್ದವು. ಆದರೂ ಗಾಲ್ಫ್ ಮೈದಾನದ ಏಳನೇ ಹೋಲ್‌ನಲ್ಲಿ, ಕುಳಿಯ ಸುತ್ತಲಿನ ಗ್ರೀನ್ ಮೇಲೆ, ಕೊಳದ ಕಡೆಯ ಅಂಚಿನಲ್ಲಿ, ಹುಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ಕುಳಿತಿದ್ದೆ. ಚಾಪೆಯಂತೆ ನುಣ್ಣಗೆ ಕತ್ತರಿಸಿದ ಆ ಹುಲ್ಲಿನಲ್ಲಿ ದೊಡ್ಡ ಲೋಟದ ಬಾಯಷ್ಟು ಅಗಲದ ಒಂದು ದುಂಡು ಗೆರೆ ಇತ್ತು. ಬೆರಳಿಟ್ಟು ಒತ್ತಿದರೆ ಒಳಗಿನ ಬಿಲ್ಲೆ ಮೆತ್ತಗೆ ಅಲ್ಲಾಡಿತು.

ಅಣ್ಣನ ಮಗ ಬಂದು ನಿಂತ. ಈ ಕ್ಲಬ್ಬಿನ ಮೈದಾನವೆಲ್ಲ ಅವನ ಉಸ್ತುವಾರಿ. ಕಿವಿಯ ಪಕ್ಕದ ಕೂದಲು ಬೆಳ್ಳಗಾದರೂ ನಾನು 'ಲೋ' ಎಂದರೆ ಈಗಲೂ ತಲೆ ತಗ್ಗಿಸುತ್ತಾನೆ.

"ಹಳೇ ಕುಳಿ ಅತ್ತೆ. ಮುಚ್ಚಿದ್ದೀವಿ," ಎಂದ, ಬೇರೆಲ್ಲೋ ನೋಡುತ್ತ.

"ಹಳೇ ಕುಳಿ ಮೇಲ್ಗಡೆ ಬೆಂಚಿನ ಹತ್ರ ಇದೆ, ನೋಡಿ ಬಂದೆ. ಇವತ್ತಿನ ಕುಳಿ ನಡುಮಧ್ಯದಲ್ಲಿದೆ. ಹಾಗಾದ್ರೆ ಇದು ಯಾವುದು? ಹೆಗ್ಗಣ ಗಿಗ್ಗಣ ಸಾಕಿದ್ದೀಯಾ?"

ಅವನು ನಗಲಿಲ್ಲ. ನಗುವ ದಿನವೂ ಅಲ್ಲ. ಬೆಳಿಗ್ಗೆ ಆಟದ ಮೊದಲ ತಂಡ ಇಲ್ಲಿಗೆ ಬಂದಾಗ ಕ್ಯಾಡಿ ಮೇಸ್ತ್ರಿ ಈ ಕೊಳದ ಜೊಂಡಿನಲ್ಲಿ ಬಿದ್ದಿದ್ದರು. ಆಟಗಾರರ ಚೀಲ ಹೊರುವ ಕ್ಯಾಡಿಗಳಿಗೆಲ್ಲ ಹಿರಿಯ ಅವರು. ತಲೆಯ ಹಿಂಭಾಗ ಒಡೆದಿತ್ತು. ಬಿದ್ದ ಗಾಯವಲ್ಲ, ನಸುಕಿನ ಹೊತ್ತಿಗೆ ಯಾರೋ ಹೊಡೆದದ್ದು ಎಂದರು ಡಾಕ್ಟರು. ಮೇಸ್ತ್ರಿ ಇನ್ನೂ ಕಣ್ಣು ಬಿಟ್ಟಿಲ್ಲ.

ಹೊಡೆದವನು ನನ್ನ ಅಣ್ಣನ ಮಗ ಎಂದು ಊರೆಲ್ಲ ನಿರ್ಧರಿಸಿಯಾಗಿತ್ತು. ಊರಿಗೆ ಸಾಕ್ಷಿ ಪುರಾವೆ ಬೇಕಾಗುವುದಿಲ್ಲವಲ್ಲ.

ಇನ್‌ಸ್ಪೆಕ್ಟರ್ ನನ್ನ ಕೈಕೆಳಗೆ ಪಳಗಿದವನು. ಆ ಒಂದು ದಾಕ್ಷಿಣ್ಯಕ್ಕೆ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಬಹುಮಾನ ಕೊಡೋ ಹೊತ್ತಿನ ತನಕ ಕಾಯ್ತೀನಿ ಮೇಡಂ. ಒಬ್ಬರು ದೊಡ್ಡವರು ನಿಮ್ಮ ಹುಡುಗನ ಪರವಾಗಿ ಹೇಳಿಕೆ ಕೊಟ್ಟಿದ್ದಾರೆ. ಅದೊಂದು ಇಲ್ದಿದ್ರೆ ಈಗ್ಲೇ ಕರ್ಕೊಂಡು ಹೋಗ್ತಿದ್ದೆ."

ಸಂಜೆಯೊಳಗೆ ನಿಜವಾಗಿ ಹೊಡೆದವರು ಸಿಗದಿದ್ದರೆ ಅಣ್ಣನ ಮಗನ ಬದುಕು ಆ ಒಂದು ಹೇಳಿಕೆಯ ಮೇಲೆ ನಿಲ್ಲಬೇಕಿತ್ತು.

"ಬೊಗಳು," ಎಂದೆ ಅಣ್ಣನ ಮಗನಿಗೆ.

ಗಾಲ್ಫ್ ಪಂದ್ಯಾವಳಿಯಲ್ಲಿ ಕುಳಿ ಒಂದೇ ಕಡೆ ಇರುವುದಿಲ್ಲ. ಇದ್ದರೆ ಸುತ್ತಲಿನ ಹುಲ್ಲು ತುಳಿತಕ್ಕೆ ಸಾಯುತ್ತದೆ, ಆಟಗಾರರಿಗೂ ಜಾಗ ಬಾಯಿಪಾಠವಾಗುತ್ತದೆ. ಅದಕ್ಕೇ ಪ್ರತಿದಿನ ನಸುಕಿನಲ್ಲಿ ಉಕ್ಕಿನ ಕೊಳವೆಯನ್ನು ಒತ್ತಿ ತಿರುಗಿಸಿ ಹೊಸ ಕುಳಿ ತೆಗೆಯುತ್ತಾರೆ. ಅಲ್ಲಿಂದ ಎದ್ದು ಬಂದ ಹುಲ್ಲು ಮಣ್ಣಿನ ಬಿಲ್ಲೆಯನ್ನು ಹಳೆಯ ಕುಳಿಗೆ ತುಂಬಿ, ಅದುಮಿ, ನೀರು ಚಿಮುಕಿಸುತ್ತಾರೆ. ಬಾವುಟ ಹೊಸ ಜಾಗಕ್ಕೆ ಹೋಗುತ್ತದೆ. ಈ ಕೆಲಸವನ್ನು ಅಣ್ಣ ಇದ್ದಾಗ ಅಣ್ಣನೇ ಮಾಡುತ್ತಿದ್ದ. ಬೇರೆಯವರ ಕೈಗೆ ಕೊಳವೆ ಕೊಟ್ಟವನಲ್ಲ.

ನಾವು ಚಿಕ್ಕವರಿದ್ದಾಗ ಇದು ದನ ಮೇಯುವ ಬಯಲು. ಅಣ್ಣ ಎಲ್ಲೋ ಒಂದು ಹಳೆಯ ಕೋಲು ಚೆಂಡು ಸಂಪಾದಿಸಿ ತಂದ. ಹಾಲಿನ ಪುಡಿಯ ಖಾಲಿ ಡಬ್ಬಗಳನ್ನು ಹೂತು ಕುಳಿ ಮಾಡಿದ. ಅಮ್ಮನ ಹಳೆಯ ಸೀರೆ ಹರಿದು ಬಾವುಟ ಮಾಡಿದ, ಅದಕ್ಕೆ ಬೈಸಿಕೊಂಡ. ಅಣ್ಣನ ಗೆಳೆಯ, ಈಗಿನ ಕ್ಲಬ್ ಕಪ್ತಾನ, ಎದುರಾಳಿ. ಮೇಸ್ತ್ರಿ ಆಗ ಇನ್ನೂ ಮೇಸ್ತ್ರಿಯಲ್ಲ, ನಮ್ಮ ಜೊತೆಗಾರ. ಆಟ ಶುರು ಮಾಡಲು ಶಿಳ್ಳೆ ಊದುವುದು ನನ್ನ ಕೆಲಸ. ಎಷ್ಟು ಜೋರಾಗಿ ಊದುತ್ತಿದ್ದೆನೆಂದರೆ ದನಗಳು ಬಾಲ ಎತ್ತಿ ಓಡುತ್ತಿದ್ದವು. ಆ ದಿನಗಳ ಸಂತೋಷ ನನಗೆ ಮತ್ತೆ ಸಿಕ್ಕಿಲ್ಲ.

ಅಣ್ಣ ಹೋದಮೇಲೆ ಇದು ಮೊದಲನೆಯ ಪಂದ್ಯಾವಳಿ. ಅವನ ಹೆಸರಿನಲ್ಲೇ.

"ಸಿಟ್ಟಲ್ಲಿದ್ದೆ ಅತ್ತೆ," ಎಂದ ಅಣ್ಣನ ಮಗ, ಕೊನೆಗೂ. "ನಿನ್ನೆ ಮಧ್ಯಾಹ್ನದ ಜಗಳ ನಿಮಗೆ ಗೊತ್ತಲ್ಲ."

ಯಾರಿಗೆ ಗೊತ್ತಿಲ್ಲ? ಮುಂದಿನ ವರ್ಷದಿಂದ ಕ್ಯಾಡಿಗಳು ಬೇಡ, ಬ್ಯಾಟರಿ ಗಾಡಿ ತರಿಸುತ್ತೇನೆ ಎಂದಿದ್ದ ಇವನು. ಮೇಸ್ತ್ರಿ ಎಲ್ಲರೆದುರು ಗದರಿದರು: "ನಿಮ್ಮಪ್ಪ ಇದ್ದಿದ್ರೆ ನಿನ್ನನ್ನ ಗೇಟಿನಾಚೆ ನಿಲ್ಲಿಸ್ತಿದ್ದ!" ಇವನು ಬಾಯಿಗೆ ಬಂದದ್ದು ಅಂದುಬಿಟ್ಟ: "ಇನ್ನೊಂದು ಮಾತಾಡಿದ್ರೆ ನಿಮ್ಮನ್ನ ಎತ್ತಿ ಕೊಳಕ್ಕೆ ಹಾಕ್ತೀನಿ!" ಆಡಿದ ಮಾತು, ಒಡೆದ ಮುತ್ತು.

"ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ," ಎಂದ ಅವನು. "ಎಲ್ಲರ ಬಾಯಲ್ಲೂ ಅಪ್ಪ, ಅಪ್ಪ, ಅಪ್ಪ. ಅಪ್ಪ ಏಳನೇದ್ರಲ್ಲಿ ಕೊಳದ ಕಡೆ ಕುಳಿ ಇಟ್ಟವರೇ ಅಲ್ಲ. ಇಳಿಜಾರು. ಸ್ವಲ್ಪ ಜೋರಾದ್ರೆ ಚೆಂಡು ನೀರಿಗೆ. ವಯಸ್ಸಾದವರ ಹೊಟ್ಟೆ ಉರಿಸ್ಬಾರ್ದು ಅಂತಿದ್ರು. ನಾನು ಬೇಕಂತಲೇ ಇಲ್ಲೇ ಕೊರೆದೆ. ನಸುಕಲ್ಲಿ, ಒಬ್ಬನೇ. ಬಾವುಟ ನೆಟ್ಟು ಎಂಟನೇದಕ್ಕೆ ಹೋದೆ."

"ಆಮೇಲೆ?"

"ಅಮ್ಮ ಮೈದಾನ ಸುತ್ತು ಹಾಕೋಕೆ ಬಂದ್ರು. ಬಾವುಟ ನೋಡಿ ಫೋನ್ ಮಾಡಿ ಬೈದ್ರು. 'ಅವರ ಹೆಸರಿನ ಆಟದಲ್ಲಿ ಅವರಿಗೇ ಸೇಡಾ?' ಅಂದ್ರು. ವಾಪಸ್ ಬಂದು ಮಧ್ಯಕ್ಕೆ ತೆಗೆದೆ. ಆಟ ಶುರುವಾಗೋ ಮೊದ್ಲೇ ಎಲ್ಲ ಸರಿ ಮಾಡಿದ್ವಿ. ಯಾರಿಗೂ ಹೇಳ್ಬೇಡ ಅಂದ್ರು ಅಮ್ಮ, ಕ್ಲಬ್ಬಿನ ಮಾನ ಹೋಗುತ್ತೆ ಅಂತ."

"ಅಂದ್ರೆ ಬಾವುಟ ಈ ಜಾಗದಲ್ಲಿ ಇದ್ದದ್ದು ಇವತ್ತು ನಸುಕಲ್ಲಿ ಮಾತ್ರ?"

"ಹೂಂ. ನನಗೆ ಅಮ್ಮನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಮೇಸ್ತ್ರಿನ ಯಾವಾಗ ನೋಡ್ದೆ?"

ಅವನು ಕೊಳದ ಕಡೆ ತಿರುಗಿದ. "ಜಗಳ ಆದ್ಮೇಲೆ ನೋಡೇ ಇಲ್ಲ ಅತ್ತೆ. ಬೆಳಿಗ್ಗೆ ಕಾಲಿಗೆ ಬೀಳೋಣ ಅಂದ್ಕೊಂಡಿದ್ದೆ. ಜೊಂಡಲ್ಲಿ ನೋಡಿದೆ."

ನಂಬಿದೆ. ಸುಳ್ಳು ಹೇಳುವಾಗ ಇವನು ಮೂಗು ಕೆರೆದುಕೊಳ್ಳುತ್ತಾನೆ, ತೊಟ್ಟಿಲಿನಲ್ಲಿದ್ದಾಗಿನಿಂದ ಗೊತ್ತು. ಇವತ್ತು ಕೈಗಳು ಜೋತುಬಿದ್ದಿದ್ದವು.

ಏಳನೇ ಹೋಲ್‌ಗೆ ಪೊಲೀಸರು ಹಗ್ಗ ಕಟ್ಟಿದ್ದರು. ಉಳಿದ ಕಡೆ ಆಟ ನಡೆದೇ ಇತ್ತು. ಅದು ನನ್ನ ಅತ್ತಿಗೆಯ ಹಟ.

ಅಂಕ ಹಾಕುವ ಡೇರೆಯಲ್ಲಿ ಅತ್ತಿಗೆ ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದರು. ಪಂದ್ಯಾವಳಿ ನಡೆಸುವುದೆಂದರೆ ಮದುವೆ ಮಾಡಿದ ಹಾಗೆ. ವರ ಒಬ್ಬನಲ್ಲ, ಅಷ್ಟೇ. ಯಾರು ಯಾರ ಜೊತೆ ಆಡಬೇಕು, ಯಾರ ಮೊಣಕಾಲಿಗೆ ಬೆಳಗಿನ ಚಳಿ ಆಗಿಬರದು, ಯಾವ ಇಬ್ಬರು ಭಾಮೈದುನರನ್ನು ಒಂದೇ ತಂಡಕ್ಕೆ ಹಾಕಬಾರದು, ಮೈಕ್‌ನವನು ಬಂದನೇ, ನೀರಿನ ಡ್ರಮ್ಮು ತುಂಬಿತೇ, ಎಲ್ಲವೂ ಅತ್ತಿಗೆಯ ತಲೆಯಲ್ಲಿ. ಅಣ್ಣ ಬರೀ ಕುಳಿ ಕೊರೆಯುತ್ತಿದ್ದ. ಆಟ ನಡೆಸುತ್ತಿದ್ದವರು ಇವರು. ಅಣ್ಣನಿಗೆ ಮಾತ್ರ ಹೊಗಳಿಕೆ ಬರುತ್ತಿತ್ತು.

"ಏಳನೇದನ್ನ ಬಿಟ್ಟು ಲೆಕ್ಕ ಹಾಕೋಣ ಅಂತ ಕಮಿಟಿ ಒಪ್ಪಿದೆ," ಎಂದರು ನನ್ನನ್ನು ನೋಡಿ. "ಮುಖ ಯಾಕೆ ಹಾಗಿದೆ? ಊಟ ಮಾಡಿದ್ಯಾ?"

"ಅತ್ತಿಗೆ, ನಸುಕಲ್ಲಿ ನೀವು ಏಳನೇದಕ್ಕೆ ಹೋಗಿದ್ರಂತೆ."

ಸೀಮೆಸುಣ್ಣ ಕ್ಷಣ ನಿಂತಿತು. "ಹೇಳಿಬಿಟ್ನಾ? ಹುಚ್ಚುಮುಂಡೇದು. ಹೌದು, ಹೋಗಿದ್ದೆ. ಅವನು ಬರೋ ತನಕ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ನಿಮ್ಮಣ್ಣ ಕೂರ್ತಿದ್ದ ಬೆಂಚು."

"ಯಾರಾದ್ರೂ ಬಂದ್ರಾ?"

"ಕಾಗೆನೂ ಬರ್ಲಿಲ್ಲ," ಎಂದು ಅತ್ತಿಗೆ ಹಲಗೆಯ ಕಡೆ ತಿರುಗಿದರು.

ಕ್ಲಬ್ ಕಟ್ಟಡದ ಜಗಲಿಯಲ್ಲಿ ಕಪ್ತಾನರು ಬೆತ್ತದ ಕುರ್ಚಿಯಲ್ಲಿ ಒಬ್ಬರೇ ಕುಳಿತಿದ್ದರು. ಕೊನೆಯ ದಿನ ಅವರು ಆಡದೆ ಕುಳಿತದ್ದನ್ನು ನಾನು ಕಂಡೇ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಟೋಪಿ, ಕೈಯಲ್ಲಿ ಆರಿಹೋದ ಚಹಾ.

"ಬಾ ಶಿಳ್ಳೆ, ಕೂತ್ಕೋ," ಎಂದರು.

ಆ ಹೆಸರಿನಿಂದ ಕರೆಯುವವರು ಈ ಭೂಮಿಯ ಮೇಲೆ ಇನ್ನು ಇಬ್ಬರೇ. ಅವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ನನ್ನ ಎದೆ ತುಂಬಿ ಬಂತು. ಒಂದು ಕಾಲದಲ್ಲಿ ಇವರು ಚೆಂಡು ಹೊಡೆಯುವುದನ್ನು ನೋಡಲೆಂದೇ ನಾನು ಎರಡು ಜಡೆ ಹಾಕಿಕೊಂಡು ಓಡಿ ಬರುತ್ತಿದ್ದೆ. ಅದು ಇವರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿಯೂ ಸುಮ್ಮನಿದ್ದರು. ಈ ವಯಸ್ಸಿನಲ್ಲಿ ಕೇಳಿ ಏನಾಗಬೇಕು?

"ಮೈಕ್ ಇಲ್ಲದ ಕಾಲ ಎಷ್ಟು ಚೆನ್ನಾಗಿತ್ತು," ಎಂದರು. "ನೀನು ಊದ್ತಿದ್ದೆ, ನಾವು ಹೊಡೀತಿದ್ವಿ. ಮೇಸ್ತ್ರಿ ಚೆಂಡು ಹುಡುಕೋಕೆ ಕೊಳಕ್ಕೆ ಧುಮುಕ್ತಿದ್ದ. ನೆನಪಿದ್ಯಾ, ಒಂದ್ಸಲ ಚೆಂಡಿನ ಬದಲು ಕಪ್ಪೆ ಹಿಡ್ಕೊಂಡು ಬಂದಿದ್ದ?"

"ಅದನ್ನ ನಿಮ್ಮ ಜೇಬಿಗೆ ಹಾಕಿದ್ದು ನಾನೇ."

"ನೀನಾ!" ಎಂದು ನಕ್ಕರು. ನಾನೂ ನಕ್ಕೆ.

"ನಿನ್ನ ಸೋದರಳಿಯನಿಗೆ ಏನೂ ಆಗಲ್ಲ," ಎಂದರು ಅವರೇ. "ಇನ್‌ಸ್ಪೆಕ್ಟರ್‌ಗೆ ಹೇಳಿದ್ದೀನಿ."

"ಆ ಹೇಳಿಕೆ ನಿಮ್ಮದಾ? ಏನಂತ ಹೇಳಿದ್ರಿ?"

"ಕಂಡದ್ದು ಹೇಳ್ದೆ. ನಿನ್ನೆ ಸಂಜೆ ಆ ಕಡೆ ತಿರುಗಾಡ್ತಿದ್ದೆ. ಇಬ್ಬರೂ ಏಳನೇದ್ರಲ್ಲಿ, ಬಾವುಟದ ಹತ್ರ ನಿಂತಿದ್ರು. ಹುಡುಗ ಮೇಸ್ತ್ರಿ ಹೆಗಲ ಮೇಲೆ ಕೈ ಹಾಕಿದ್ದ. ಮೇಸ್ತ್ರಿ ಕಣ್ಣೊರಸ್ಕೊಂಡ. ರಾಜಿ ಆಗಿಹೋಗಿತ್ತು ಕಣೇ. ರಾಜಿ ಆದವನು ಬೆಳಿಗ್ಗೆ ಎದ್ದು ಹೊಡೀತಾನಾ?"

ಕಿವಿಗೆ ಜೇನು ಸುರಿದಂತಿತ್ತು. ಆದರೆ ಅಣ್ಣನ ಮಗ ಈಗ ತಾನೇ ಹೇಳಿದ್ದ, ಜಗಳವಾದ ಮೇಲೆ ಮೇಸ್ತ್ರಿಯ ಮುಖವನ್ನೇ ನೋಡಿಲ್ಲ ಎಂದು. ಇಬ್ಬರಲ್ಲಿ ಒಬ್ಬರದು ಸುಳ್ಳು.

"ಬಾವುಟದ ಹತ್ರ ಅಂದ್ರೆ ಎಲ್ಲಿ? ಮೇಲ್ಗಡೆ ಬೆಂಚಿನ ಕಡೆನಾ?"

"ಅಲ್ಲ, ಕೆಳಗಡೆ. ಕೊಳದ ಅಂಚಲ್ಲಿ."

"ಸರಿಯಾಗಿ ನೆನಪಿದ್ಯಾ?"

"ನೆನಪಿರದೆ ಏನು? ಇನ್ನು ಒಂದು ಮೊಳ ಆಚೆ ಹೋದ್ರೆ ನೀರು. 'ಇದೇನಪ್ಪಾ, ನಿಮ್ಮಣ್ಣ ಯಾವತ್ತೂ ಇಲ್ಲಿ ಇಟ್ಟವನಲ್ಲ, ಮಗ ಯಾಕೆ ಇಟ್ಟ' ಅಂತ ನನಗೇ ಆಶ್ಚರ್ಯ ಆಯ್ತು."

ನಾನು ಚಹಾದ ಬಟ್ಟಲನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲಿಟ್ಟೆ. ಅದು ಅವರ ಕೈಯಿಂದ ಬೀಳುವುದು ಬೇಡವೆನಿಸಿತು.

"ನಿನ್ನೆ ಸಂಜೆ ಬಾವುಟ ಮೇಲೆ ಬೆಂಚಿನ ಹತ್ರ ಇತ್ತು. ಇವತ್ತು ಆಟ ಶುರುವಾದಾಗ ಮಧ್ಯದಲ್ಲಿತ್ತು. ಕೊಳದ ಅಂಚಲ್ಲಿ ಇದ್ದದ್ದು ಇವತ್ತು ನಸುಕಲ್ಲಿ ಸ್ವಲ್ಪ ಹೊತ್ತು ಮಾತ್ರ. ನೀವು ಅದನ್ನ ನೋಡಿದ್ದೀರಿ. ಅಂದ್ರೆ ಮೇಸ್ತ್ರಿಗೆ ಪೆಟ್ಟು ಬಿದ್ದ ಹೊತ್ತಿಗೆ ನೀವು ಅಲ್ಲಿದ್ರಿ."

ದೂರದಲ್ಲಿ ಯಾರೋ ಒಳ್ಳೆಯ ಹೊಡೆತ ಹೊಡೆದಿರಬೇಕು, ಚಪ್ಪಾಳೆ ಕೇಳಿಸಿತು.

"ಸುಳ್ಳು ಹೇಳೋಕೂ ಅಭ್ಯಾಸ ಬೇಕು. ನಿಮಗಿಲ್ಲ," ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. "ನೀವೇ ಹೊಡೆದ್ರಾ?"

"ಮೇಸ್ತ್ರಿನ? ನಾನು?" ಅವರ ಕಣ್ಣಲ್ಲಿ ನೀರು ಬಂತು. "ಅಷ್ಟು ವರ್ಷ ಪೊಲೀಸ್ ಕೆಲಸ ಮಾಡಿ ನಿನಗೆ ಎಲ್ಲರೂ ಕಳ್ಳರ ಹಾಗೇ ಕಾಣ್ತಾರೇನೇ?"

"ಹಾಗಾದ್ರೆ ಅಷ್ಟು ಹೊತ್ತಿಗೆ ಅಲ್ಲೇನು ಕೆಲಸ?"

"ಕೊನೇ ದಿನ ಬೆಳಗಾಗೋ ಮೊದ್ಲು ನಾನು ನಿಮ್ಮಣ್ಣ ಇಡೀ ಮೈದಾನ ನಡೀತಿದ್ವಿ. ಪ್ರತಿ ವರ್ಷ. ಅವನು ಕುಳಿ ಕೊರೀತಿದ್ದ, ನಾನು ಬಾವುಟ ಹಿಡ್ಕೋತಿದ್ದೆ. ಮಾತಿಲ್ಲ ಕತೆಯಿಲ್ಲ. ಈ ಸಲ ಒಬ್ಬನೇ ನಡೆದೆ." ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅತ್ಕೊಂಡು ನಡೆಯೋ ಮುದುಕನ್ನ ಯಾರೂ ನೋಡೋದು ಬೇಡ ಅಂತ ಮರದ ಮರೇಲಿ ಹೋದೆ. ಅದೇ ತಪ್ಪಾಯ್ತು. ಕಾಣಬಾರದ್ದು ಕಂಡೆ."

"ಏನು ಕಂಡ್ರಿ?"

"ಬೇಡ ಶಿಳ್ಳೆ. ನಿನ್ನ ಹುಡುಗನ ಮೇಲೆ ಬರಬಾರದು ಅಂತ ನಾನು ಒಂದು ಸುಳ್ಳು ಹೇಳಿದ್ದೀನಿ. ಅವನು ಹೊಡೆದಿಲ್ಲ, ಅದು ನನಗೆ ಗೊತ್ತು. ಅಷ್ಟಕ್ಕೆ ಬಿಡು."

"ಬಿಡೋ ಜಾತಿಯವಳಲ್ಲ ನಾನು. ಮೇಸ್ತ್ರಿ ಸತ್ತರೆ ಆಗ್ಲೂ ಬಿಡು ಅಂತೀರಾ?"

ಆ ಮಾತು ನಾಟಿತು. ಟೋಪಿಯನ್ನು ತೊಡೆಯ ಮೇಲಿಂದ ತೆಗೆದು ಮೇಜಿನ ಮೇಲಿಟ್ಟರು.

"ಬಾವುಟದ ಹತ್ರ ಮೇಸ್ತ್ರಿ ನಿಂತಿದ್ದ. ಅವನೆದುರಿಗೆ ನಿನ್ನ ಅತ್ತಿಗೆ. ಅವಳು ಅಳ್ತಾ ಇದ್ಲು. 'ಕೈ ಮುಗೀತೀನಿ, ನನ್ನ ಮಗನಿಗೆ ಹೇಳ್ಬೇಡಿ' ಅಂದ್ಲು. ಮೇಸ್ತ್ರಿ 'ಇವತ್ತು ಹೇಳೇ ಹೇಳ್ತೀನಿ' ಅಂದ. ಮನೆ ಮಾತು, ಕೇಳಬಾರದು ಅಂತ ನಾನು ವಾಪಸ್ ತಿರುಗಿದೆ. ಪೆಟ್ಟು ಬಿದ್ದದ್ದನ್ನ ನೋಡಿಲ್ಲ, ದೇವರಾಣೆ. ಆದ್ರೆ ಅಲ್ಲಿ ಬೇರೆ ಯಾರೂ ಇರ್ಲಿಲ್ಲ."

ಕಾಗೆಯೂ ಬರಲಿಲ್ಲ ಎಂದಿದ್ದರು ಅತ್ತಿಗೆ.

ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಜಡೆ ಬಾಚಿದವರು ಅವರು. ಪೊಲೀಸ್ ಪರೀಕ್ಷೆಗೆ ಹೋಗುತ್ತೇನೆ ಎಂದಾಗ ಮನೆಯವರೆಲ್ಲ ಮುಖ ತಿರುಗಿಸಿದರೂ, ಅರ್ಜಿಯ ದುಡ್ಡು ಕೈಗಿಟ್ಟು 'ಹೋಗು' ಎಂದವರೂ ಅವರೇ. ನನಗೆ ಅಮ್ಮ ಸತ್ತ ದಿನಕ್ಕಿಂತ ಹೆಚ್ಚು ಭಯವಾಯಿತು.

"ಈಗ ಹೇಳು," ಎಂದರು ಕಪ್ತಾನರು ಮೆಲ್ಲಗೆ. "ನನ್ನ ಸುಳ್ಳು ಉಳಿದ್ರೆ ಹುಡುಗ ಉಳೀತಾನೆ. ಸುಳ್ಳು ಬಿದ್ರೆ ಅವನು ಹೋಗ್ತಾನೆ, ಇಲ್ಲಾಂದ್ರೆ ಅವನಮ್ಮ ಹೋಗ್ತಾಳೆ. ನಿಮ್ಮಣ್ಣನ ಮನೆ ಅದು. ಯಾರನ್ನ ಕೊಡ್ತೀಯಾ?"

ಅತ್ತ ದರಿ, ಇತ್ತ ಪುಲಿ. ನಾನು ಎದ್ದು ಬಂದೆ.

ಬಿಸಿಲು ಇಳಿದಾಗ ಎಲ್ಲರೂ ಹುಲ್ಲಿನ ಮೇಲೆ ಸೇರಿದರು. ಉದ್ದನೆಯ ಮೇಜು, ಬಿಳಿ ಬಟ್ಟೆ, ಅದರ ಮೇಲೆ ಅಣ್ಣನ ಹೆಸರು ಕೆತ್ತಿದ ಬೆಳ್ಳಿ ಬಟ್ಟಲು. ಗೆದ್ದವನು ಒಬ್ಬ ಹಲ್ಲಿನ ಡಾಕ್ಟರು. ಪಾಪ, ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಮೇಜಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಅಣ್ಣನ ಮಗನ ಮೇಲೆ.

ಅತ್ತಿಗೆ ಮೈಕಿನ ಮುಂದೆ ನಿಂತರು. ತಿಳಿನೀಲಿ ಸೀರೆ, ನೇರ ಬೆನ್ನು. ಬಂದವರಿಗೆಲ್ಲ ವಂದನೆ ಹೇಳಿದರು. ದನಗಳ ಬಯಲಿನ ಕತೆ ಹೇಳಿದರು, ಡಬ್ಬದ ಕುಳಿಯ ಕತೆ ಹೇಳಿದರು. ಹಳಬರು ಕಣ್ಣೊರೆಸಿಕೊಂಡರು. ನಾನೂ.

ಇನ್‌ಸ್ಪೆಕ್ಟರ್ ನನ್ನ ಪಕ್ಕಕ್ಕೆ ಬಂದ.

"ಮೇಡಂ, ಕಪ್ತಾನ್ ಸಾಹೇಬ್ರ ಹೇಳಿಕೆ ನಂಬಬಹುದಾ? ನೀವು ಹೂಂ ಅಂದ್ರೆ ಸಾಕು, ಹುಡುಗನ್ನ ಮುಟ್ಟಲ್ಲ."

ಕಪ್ತಾನರು ಜಗಲಿಯಿಂದ ನನ್ನನ್ನೇ ನೋಡುತ್ತಿದ್ದರು. ಒಂದು 'ಹೂಂ' ಸಾಕಿತ್ತು. ಆಸ್ಪತ್ರೆಯಲ್ಲಿ ಮೇಸ್ತ್ರಿ, ಕಪ್ಪೆ ಹಿಡಿದು ತಂದಿದ್ದ ಹುಡುಗ, ಯಾರ ಕೈಯಿಂದ ಪೆಟ್ಟು ತಿಂದರೆಂದು ಯಾರಿಗೂ ತಿಳಿಯದೆ ಹೋಗುತ್ತಿತ್ತು. ಅವರ ಪರವಾಗಿ ಹೇಳುವವರೂ ಯಾರಾದರೂ ಬೇಕಲ್ಲ.

ಜೊತೆಗೆ ನನಗೆ ಇನ್ನೊಂದು ಗೊತ್ತಿತ್ತು. ತಾಯಿ ತನಗಾಗಿ ಎಷ್ಟು ಬೇಕಾದರೂ ಸುಮ್ಮನಿದ್ದಾಳು. ಮಗನ ಮೈಮೇಲೆ ಕೈಬಿದ್ದರೆ ಸುಮ್ಮನಿರಲಾರಳು. ಅತ್ತಿಗೆಯ ಬಾಯಿ ಬಿಡಿಸಲು ಅದೊಂದೇ ದಾರಿ. ಅನ್ನ ಹಾಕಿದ ಕೈಗೆ ಇಂಥ ಬಲೆ ಬೀಸುವುದಕ್ಕೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

"ನಂಬಬೇಡ," ಎಂದೆ. "ಅದು ಸುಳ್ಳು."

ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದ. ನಿಟ್ಟುಸಿರು ಬಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ಹೋದ. ಅಣ್ಣನ ಮಗನ ತೋಳು ಹಿಡಿದ.

ಅತ್ತಿಗೆಯ ಮಾತು ಅರ್ಧಕ್ಕೆ ನಿಂತಿತು. ಮೊದಲು ಮಗನನ್ನು ನೋಡಿದರು, ಆಮೇಲೆ ನನ್ನನ್ನು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅವನನ್ನ ಬಿಡಿ," ಎಂದರು ಮೈಕಿನಲ್ಲಿ. ಮೈದಾನವೆಲ್ಲ ಕೇಳಿಸಿತು. "ನಸುಕಲ್ಲಿ ಮೇಸ್ತ್ರಿ ಜೊತೆ ಇದ್ದದ್ದು ನಾನು. ಮೇಸ್ತ್ರಿನ ಹೊಡೆ..."

ಅಣ್ಣನ ಮಗ ಇನ್‌ಸ್ಪೆಕ್ಟರನ ಕೈಯನ್ನು ಕೊಸರಿಕೊಂಡು ಹಾರಿ ಮೈಕಿನ ತಂತಿಯನ್ನು ಕಿತ್ತ. ಅತ್ತಿಗೆಯ ತುಟಿ ಅಲ್ಲಾಡುತ್ತಲೇ ಇತ್ತು, ಮಾತು ಯಾರಿಗೂ ಕೇಳಿಸಲಿಲ್ಲ.

"ಅಮ್ಮನ ಮಾತು ಕೇಳ್ಬೇಡಿ!" ಎಂದು ಅವನು ಕಿರುಚಿದ. "ಮೇಸ್ತ್ರಿ ಬಾಯಿ ಮುಚ್ಚಿಸೋಕೆ ನಾನೇ ಹೊಡೆದದ್ದು. ನಾನು ಎಂಟನೇದಕ್ಕೆ ಹೋಗಿರ್ಲೇ ಇಲ್ಲ. ಮರದ ಹಿಂದೆ ನಿಂತು ಎಲ್ಲ ಕೇಳಿಸ್ಕೊಂಡೆ. ಅಪ್ಪ ಹೇಗೆ ಸತ್ತರು ಅಂತ ಮೇಸ್ತ್ರಿ ಹೇಳಿದ್ದನ್ನೂ ಕೇಳಿಸ್ಕೊಂಡೆ!"

ಜನ ಗುಂಪು ಗುಂಪಾಗಿ ಎದ್ದು ನಿಂತರು. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಅವು ಜೋತುಬಿದ್ದಿದ್ದವು, ಮೂಗಿನ ಹತ್ತಿರ ಹೋಗಲೇ ಇಲ್ಲ. ಮೇಸ್ತ್ರಿಯನ್ನು ನೋಡೇ ಇಲ್ಲ ಎಂದಾಗಲೂ ಹೀಗೇ ಇದ್ದವು.

ನಮ್ಮಣ್ಣ ನಿದ್ದೆಯಲ್ಲೇ ಹೋದ ಎಂದು ಇಷ್ಟು ದಿನ ನನಗೆ ಹೇಳಿದ್ದವರು ಅತ್ತಿಗೆ.